ಗದೆ ಕೊಳ್ಳುವ ಮುನ್ನ ಕೈಯನ್ನು ಕೇಳಿ



ಕಾಶಿಗೆ ಹೋಗಿ ಬಂದವರ ಚೀಲದಲ್ಲಿ ಏನಿರುತ್ತದೆ? ಗಂಗಾಜಲದ ಗಿಂಡಿ, ಕಾಶೀದಾರ, ಮನೆಯವರಿಗೆ ಒಂದು ಬನಾರಸ್ ಸೀರೆ, ಮಕ್ಕಳಿಗೆ ಅರಗಿನ ಬಣ್ಣದ ಮರದ ಆಟಿಕೆ. ಆದರೆ ಘಾಟ್‌ಗಳ ಪಕ್ಕದ ಅಖಾಡಾದಲ್ಲಿ ಹುಡುಗರು ಗದೆ ತಿರುಗಿಸುವುದನ್ನು ನಿಂತು ನೋಡಿದವರು ಇನ್ನೊಂದನ್ನೂ ತರುತ್ತಾರೆ. ಅದು ಚೀಲದಲ್ಲಿ ಹಿಡಿಸುವುದಿಲ್ಲ, ಮನಸ್ಸಿನಲ್ಲಿ ಬರುತ್ತದೆ. ‘ನಾನೂ ಒಂದು ಗದೆ ತಗೊಂಡರೆ ಹೇಗೆ?’ ಎಂಬ ಆಸೆ!

ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡುವವರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. “ಮೇಡಂ, ನನಗೆ ನಲವತ್ತೈದು. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಭುಜ ಬಿಗಿದುಕೊಂಡಿದೆ. ಎಷ್ಟು ಕೆ.ಜಿ. ಗದೆ ತಗೊಳ್ಳಲಿ?”

ಪ್ರಶ್ನೆ ಒಳ್ಳೆಯದೇ. ಆದರೆ ‘ಎಷ್ಟು ಕೆ.ಜಿ.’ ಎಂಬಲ್ಲಿಂದ ಶುರು ಮಾಡಿದವರು ಆಮೇಲೆ ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಕೂರುವುದೇ ಹೆಚ್ಚು. ಗದೆ ಮೂಲೆ ಸೇರುತ್ತದೆ, ಅದರ ಮೇಲೆ ಒದ್ದೆ ಟವೆಲ್ ಒಣಗುತ್ತದೆ. ಹಾಗಾಗಬಾರದು ಅಂತಲೇ ಈ ಬಾರಿ ಈ ವಿಷಯ ಎತ್ತಿಕೊಂಡಿದ್ದೇನೆ. ಹವ್ಯಾಸಿಗೆ ಹೊಂದುವ ಗದೆಯನ್ನು, ಜೋಡಿಯನ್ನು ಆರಿಸುವುದು ಹೇಗೆ? ಮನೆಯಲ್ಲಿ ಆಗಲೇ ಒಂದಿದ್ದರೆ ಅದನ್ನು ನಮ್ಮ ಕೈಗೆ ಹೊಂದಿಸಿಕೊಳ್ಳುವುದು ಹೇಗೆ?

ಗೋದೌಲಿಯಾದಿಂದ ತುಳಸಿ ಘಾಟ್‌ವರೆಗೆ

ಕಾಶಿಗೆ ಹೋದ ಕನ್ನಡಿಗರಿಗೆ ಗೋದೌಲಿಯಾ ಚೌಕವನ್ನು ಪರಿಚಯ ಮಾಡಿಕೊಡಬೇಕಿಲ್ಲ. ದಶಾಶ್ವಮೇಧ ಘಾಟ್‌ಗೆ ಹೋಗುವವರು, ವಿಶ್ವನಾಥನ ದರ್ಶನಕ್ಕೆ ಹೋಗುವವರು ಬಹಳಷ್ಟು ಮಂದಿ ಇಲ್ಲಿಗೆ ಬರುತ್ತಾರೆ. ನಮ್ಮ ಕಡೆಯ ಎಷ್ಟೋ ಯಾತ್ರಿಕರು ಇಳಿದುಕೊಳ್ಳುವ ಜಂಗಮವಾಡಿ ಮಠ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಅದೇ ದಿಕ್ಕಿನಲ್ಲಿ ದಕ್ಷಿಣಕ್ಕೆ ಎರಡು-ಮೂರು ಕಿಲೋಮೀಟರ್ ಹೋದರೆ ಅಸ್ಸಿಯ ಬಳಿ ತುಳಸಿ ಘಾಟ್. ಅಲ್ಲಿರುವ ಅಖಾಡಾವನ್ನು ಸಂತ ತುಳಸೀದಾಸರೇ ಶುರು ಮಾಡಿದರು ಎಂಬುದು ಊರಿನ ನಂಬಿಕೆ. ಈಚಿನ ವರ್ಷಗಳಲ್ಲಿ ಅಲ್ಲಿ ಹೆಣ್ಣುಮಕ್ಕಳೂ ಮಣ್ಣಿಗೆ ಇಳಿದಿದ್ದಾರೆ.

ನಮ್ಮ ಮೈಸೂರಿನವರು ‘ಗರಡಿ ಮನೆ’ ಅನ್ನುವುದನ್ನು, ಬೆಳಗಾವಿ-ಧಾರವಾಡದವರು ‘ತಾಲೀಮು’ ಅನ್ನುವುದನ್ನು ಕಾಶಿಯವರು ‘ಅಖಾಡಾ’ ಅನ್ನುತ್ತಾರೆ. ಮೂರೂ ಕಡೆ ಹದ ಮಾಡಿದ ಮಣ್ಣು, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ. ಕಾಶಿಯ ವಿಶೇಷ ಏನೆಂದರೆ ಅಲ್ಲಿ ಗದೆ ಮತ್ತು ಜೋಡಿ ತಿರುಗಿಸುವುದು ಕುಸ್ತಿಗೆ ತಯಾರಿ ಮಾತ್ರವಲ್ಲ, ಅದೇ ಒಂದು ಪಂದ್ಯ. ಪ್ರತಿ ವರ್ಷ ಶ್ರಾವಣದ ನಾಗಪಂಚಮಿಯಂದು ಅಖಾಡಾಗಳಲ್ಲಿ ಜೋಡಿ-ಗದೆಯ ಸ್ಪರ್ಧೆ ನಡೆಯುತ್ತದೆ. ಭಾರದ ಜೋಡಿಯನ್ನು ಯಾರು ಹೆಚ್ಚು ಸಲ ತಿರುಗಿಸುತ್ತಾರೆ ಅಂತ ಸುತ್ತ ನಿಂತವರು ಗಟ್ಟಿಯಾಗಿ ಎಣಿಸುತ್ತಾರೆ.

ನೋಡುವವರ ಕಣ್ಣಿಗೆ ಬೀಳುವುದು ಆ ದೊಡ್ಡ ಜೋಡಿ. ಆ ಪೈಲ್ವಾನ ಮೊದಲ ದಿನ ಹಿಡಿದ ಪುಟ್ಟ ಜೋಡಿ ಗೋಡೆಗೆ ಒರಗಿಕೊಂಡಿರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಅಖಾಡಾದಲ್ಲಿ ಹೊಸಬನಿಗೆ ಯಾವುದು ಕೊಡಬೇಕು ಅಂತ ತೀರ್ಮಾನ ಮಾಡುವವನು ಗುರು. ಹುಡುಗನ ಮೈಕಟ್ಟು, ಹೆಗಲು, ಮಣಿಕಟ್ಟು ನೋಡಿ ಕೊಡುತ್ತಾನೆ. ಮನೆಯಲ್ಲಿ ಒಬ್ಬರೇ ಕಲಿಯುವ ನಮಗೆ ಆ ಗುರು ಇಲ್ಲ. ಆದ್ದರಿಂದ ಗುರುವಿನ ಕಣ್ಣು ಏನನ್ನು ನೋಡುತ್ತದೆ ಅಂತ ನಾವೇ ತಿಳಿದುಕೊಳ್ಳಬೇಕು.

ಆಳಿಗೆ ತಕ್ಕ ಅಭ್ಯಾಸ ಎಂಬುದು ನಮಗೆ ಹೊಸ ಮಾತೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ದರ್ಜೆ ಮಾಡುವ ಕ್ರಮ ಅದರಲ್ಲೇ ಇದೆ.

ಜೋಡಿ ಯಾವುದು, ಗದೆ ಯಾವುದು?

ಹೆಸರಿನ ಗೊಂದಲ ಮೊದಲು ಬಗೆಹರಿಸೋಣ.

ಜೋಡಿ ಎಂದರೆ ಹೆಸರೇ ಹೇಳುವಂತೆ ಎರಡು. ಕೈಗೊಂದರಂತೆ ಹಿಡಿದು ಬೆನ್ನ ಹಿಂದೆ ಒಂದಾದ ಮೇಲೆ ಒಂದರಂತೆ ತಿರುಗಿಸುವ ಮರದ ದಿಮ್ಮಿಗಳು. ಹಿಡಿ ಸಣ್ಣದು, ಹೊಟ್ಟೆ ದಪ್ಪ. ಪಳಗಿದವರಿಗಾಗಿ ಮೊಳೆ ಹೊಡೆದ ಜೋಡಿಗಳೂ ಉಂಟು. ಮೈಗೆ ತಾಗಿಸಿ ಆಸರೆ ತೆಗೆದುಕೊಂಡರೆ ಚುಚ್ಚುತ್ತದೆ!

ಗದೆ ಎಂದರೆ ಬಿದಿರಿನ ಕೋಲಿನ ತುದಿಗೆ ಸಿಕ್ಕಿಸಿದ ಗುಂಡುಕಲ್ಲು. ಕೋಲು ಮೂರರಿಂದ ನಾಲ್ಕು ಅಡಿ. ಭಾರವೆಲ್ಲ ಒಂದೇ ತುದಿಯಲ್ಲಿ. ಈಗ ಪೇಟೆಯಲ್ಲಿ, ಇಂಟರ್‌ನೆಟ್‌ನಲ್ಲಿ ಸಿಗುವ ಉಕ್ಕಿನ ಗದೆ ಇದರದೇ ಮೊಮ್ಮಗ.

ಮುದ್ಗರ ಎಂದರೆ ಸಾಮಾನ್ಯವಾಗಿ ಎರಡೂ ಕೈಯಲ್ಲಿ ಹಿಡಿಯುವ ಒಂಟಿ ಮರದ ದಿಮ್ಮಿ. ಜೋಡಿಗೂ ಗದೆಗೂ ನಡುವಿನದು.

ಇವುಗಳ ಚಿಕ್ಕ ರೂಪವನ್ನು 19ನೇ ಶತಮಾನದಲ್ಲಿ ಬ್ರಿಟಿಷರು ನಮ್ಮಲ್ಲಿ ನೋಡಿ ತಮ್ಮ ದೇಶಕ್ಕೆ ಒಯ್ದರು. ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ಅದು ಯೂರೋಪು, ಅಮೆರಿಕದ ಶಾಲೆಗಳಿಗೂ ಸೈನ್ಯಕ್ಕೂ ಹೋಯಿತು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಕ್ಲಬ್ ತಿರುಗಿಸುವುದಕ್ಕೆ ಪದಕವೇ ಇತ್ತು. ಇವತ್ತು ರಿದಮಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಹುಡುಗಿಯರು ಹಿಡಿಯುವ ಪುಟ್ಟ ಕ್ಲಬ್ಬುಗಳೂ ಅದೇ ವಂಶದವು. ಅವುಗಳ ಕನಿಷ್ಠ ತೂಕ ತಲಾ 150 ಗ್ರಾಂ ಮಾತ್ರ. ಕಾಶಿಯ ಪೈಲ್ವಾನನ ಜೋಡಿಯೋ ಹತ್ತಾರು ಕೆ.ಜಿ. ಒಂದೇ ಕುಟುಂಬ, ಎಷ್ಟು ಅಂತರ ನೋಡಿ! ಎರಡೂ ಸರಿಯೇ, ಏಕೆಂದರೆ ಎರಡೂ ಹಿಡಿದವರ ಕೆಲಸಕ್ಕೆ ಹೊಂದುತ್ತವೆ.

ತೂಕ ಒಂದು, ಭಾರ ಇನ್ನೊಂದು

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಪೊರಕೆಯನ್ನು ಹಿಡಿಯ ಕಡೆಯ ತುದಿಯಲ್ಲಿ ಹಿಡಿದು ಅಡ್ಡಲಾಗಿ ಎತ್ತಿ. ಆಮೇಲೆ ನಡುವಿನಲ್ಲಿ ಹಿಡಿದು ಎತ್ತಿ. ಪೊರಕೆ ಅದೇ, ತಕ್ಕಡಿಯಲ್ಲಿ ತೂಕವೂ ಅದೇ. ಕೈಗೆ ಮಾತ್ರ ಬೇರೆ. ತಿರುಗಿಸುವ ವಸ್ತುವಿನಲ್ಲಿ ತೂಕ ಎಷ್ಟು ಎಂಬುದರ ಜೊತೆಗೆ, ಆ ತೂಕ ಕೈಯಿಂದ ಎಷ್ಟು ದೂರ ಇದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಒಂದು ಸಣ್ಣ ಲೆಕ್ಕ. 4 ಕೆ.ಜಿ. ಗುಂಡಿನ ಗದೆಯಲ್ಲಿ ಕೈಯಿಂದ ಗುಂಡಿಗೆ 100 ಸೆಂ.ಮೀ. ದೂರ ಅಂತಿಟ್ಟುಕೊಳ್ಳಿ. ಕೈಯನ್ನು ಮೇಲೆ ಸರಿಸಿ 75 ಸೆಂ.ಮೀ. ಮಾಡಿದರೆ, ಅಡ್ಡಲಾಗಿ ಹಿಡಿದು ನಿಂತಾಗ ಮಣಿಕಟ್ಟಿಗೆ ಬೀಳುವ ಹೊರೆ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ತಿರುಗಿಸುವಾಗ ಇನ್ನೂ ಹೆಚ್ಚು ವ್ಯತ್ಯಾಸ. ಅಲ್ಲಿ ದೂರದ ವರ್ಗ ಲೆಕ್ಕಕ್ಕೆ ಬರುತ್ತದೆ. ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸಿ: 0.56. ಕೋಲಿನ ತೂಕ ಬಿಟ್ಟರೆ, ಗದೆಯನ್ನು ಚಲನೆಗೆ ತರುವ ಮತ್ತು ನಿಲ್ಲಿಸುವ ಕಷ್ಟ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಉಳಿಯುತ್ತದೆ. ಒಂದು ಗೇಣು ಕೈ ಸರಿಸಿದ್ದಕ್ಕೆ ಇಷ್ಟು!

ಭುಜ ನೋಯುವುದು ಬಹುತೇಕ ಈ ನಿಲ್ಲಿಸುವ ಕ್ಷಣದಲ್ಲಿ. ಗುಂಡು ಬೆನ್ನ ಹಿಂದೆ ವೇಗವಾಗಿ ಇಳಿದಾಗ ಅದನ್ನು ತಡೆದು ವಾಪಸು ತರಬೇಕಾದ್ದು ಭುಜದ ಸಣ್ಣ ಸ್ನಾಯುಗಳು. ಎದೆ, ತೊಡೆಯ ದೊಡ್ಡ ಸ್ನಾಯುಗಳಲ್ಲಿ ಶಕ್ತಿ ಇದೆ ಅಂತ ದೊಡ್ಡ ಗದೆ ಎತ್ತಿದವರನ್ನು ಈ ಸಣ್ಣವು ಕೈಬಿಡುತ್ತವೆ. ಜಿಮ್‌ನಲ್ಲಿ 20 ಕೆ.ಜಿ. ಡಂಬೆಲ್ ಎತ್ತುವ ಹುಡುಗನೂ 6 ಕೆ.ಜಿ. ಗದೆಯ ಮುಂದೆ ಬೆವರುವುದು ಇದಕ್ಕೇ.

ಗಾಲ್ಫ್ ಅಂಗಡಿಯ ಪಾಠ

ಈ ಹೊಂದಾಣಿಕೆಯನ್ನು ಶಾಸ್ತ್ರವಾಗಿಯೇ ಬೆಳೆಸಿದವರು ಗಾಲ್ಫ್‌ನವರು. ಗಾಲ್ಫ್ ಎಂದರೆ ನಮ್ಮದಲ್ಲ ಅಂದುಕೊಳ್ಳಬೇಡಿ. ಬೆಂಗಳೂರಿನ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ (ಅದು ನಡೆದದ್ದು 2021ರಲ್ಲಿ) ನಾಲ್ಕನೆಯ ಸ್ಥಾನ ಪಡೆದ ಅದಿತಿ ಅಶೋಕ್ ಬೆಂಗಳೂರಿನ ಹುಡುಗಿ.

ಗಾಲ್ಫ್ ಆಟಗಾರ ತನ್ನ ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇಟ್ಟುಕೊಳ್ಳಬಹುದು. ಅದರಲ್ಲಿ ಎಲ್ಲಕ್ಕಿಂತ ಉದ್ದದ ಡ್ರೈವರ್ ಸುಮಾರು 45 ಇಂಚು. ಅದರ ತಲೆ ಸುಮಾರು 200 ಗ್ರಾಂ. ಗಿಡ್ಡನೆಯ ವೆಜ್ ಸುಮಾರು 35 ಇಂಚು. ಅದರ ತಲೆ 300 ಗ್ರಾಂನ ಆಸುಪಾಸು. ಕೋಲು ಉದ್ದವಾದಂತೆ ತಲೆಯ ತೂಕ ಇಳಿಸುತ್ತಾರೆ, ಗಿಡ್ಡವಾದಂತೆ ಏರಿಸುತ್ತಾರೆ. ಯಾವುದನ್ನು ಬೀಸಿದರೂ ಕೈಗೆ ಒಂದೇ ಥರ ಅನ್ನಿಸಲಿ ಅಂತ. ಈ ‘ಬೀಸುವ ಭಾರ’ವನ್ನು ಅಳೆಯುವುದಕ್ಕೇ ಅವರಲ್ಲಿ ಬೇರೆ ತಕ್ಕಡಿ ಇದೆ.

ಹೊಸ ಆಟಗಾರನಿಗೆ ಕೋಲು ಹೊಂದಿಸುವಾಗ ಅವರು ನೋಡುವುದು ನಾಲ್ಕಾರು ಸಂಗತಿ: ಎತ್ತರ ಮತ್ತು ಕೈಯುದ್ದಕ್ಕೆ ತಕ್ಕ ಕೋಲಿನ ಉದ್ದ, ಅಂಗೈಗೆ ತಕ್ಕ ಹಿಡಿ, ಬೀಸುವ ವೇಗಕ್ಕೆ ತಕ್ಕ ಕೋಲಿನ ಬಳುಕು, ತಲೆಯ ಓರೆ. ನಿಧಾನ ಬೀಸುವವನಿಗೆ ಬಳುಕುವ ಕೋಲು, ಜೋರಾಗಿ ಬೀಸುವವನಿಗೆ ಬಿಗಿಯಾದದ್ದು. ಹಿಡಿ ಸಣ್ಣ ಅನ್ನಿಸಿದರೆ ಒಳಗೆ ಒಂದೆರಡು ಸುತ್ತು ಟೇಪ್. ಚಾಂಪಿಯನ್ ಹಿಡಿದ ಕೋಲನ್ನೇ ಕೊಂಡ ಹೊಸಬ ಚಾಂಪಿಯನ್ ಆಗುವುದಿಲ್ಲ. ಬೀದಿ ಕ್ರಿಕೆಟ್‌ನಲ್ಲಿ ಅಣ್ಣನ ಬ್ಯಾಟ್ ಹಿಡಿದ ತಮ್ಮನನ್ನು ನೆನಪಿಸಿಕೊಳ್ಳಿ, ಬಾಲ್ ಹೋದ ಮೇಲೆ ಬ್ಯಾಟ್ ಬರುತ್ತದೆ!

ಇದೇ ಕಣ್ಣಿನಿಂದ ನಮ್ಮ ಗದೆ, ಜೋಡಿ ನೋಡೋಣ.

ಕೊಳ್ಳುವಾಗ ನೋಡಬೇಕಾದ ಐದು

1. ಹಿಡಿ. ಇದೇ ಮೊದಲು. ಮುಷ್ಟಿ ಕಟ್ಟಿದಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಸ್ವಲ್ಪ ಏರಿ ಕೂರಬೇಕು. ಹಿಡಿ ತೀರ ಸಣ್ಣದಾದರೆ ಜಾರದಿರಲಿ ಅಂತ ಹಿಂಡಿ ಹಿಡಿಯುತ್ತೀರಿ. ತೀರ ದಪ್ಪವಾದರೆ ಮುಂಗೈ ಐದು ನಿಮಿಷಕ್ಕೆ ಸೋಲುತ್ತದೆ. ಹಿಡಿಯ ಕೊನೆಯಲ್ಲಿ ಕಿರುಬೆರಳು ತಡೆಯುವಂಥ ಗುಬುಟು ಇರಲೇಬೇಕು. ಬೆವರಿದ ಕೈಯಿಂದ ಜಾರಿದ ಜೋಡಿ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು.

2. ಉದ್ದ. ಜೋಡಿಯನ್ನು ಹಿಡಿದು ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲಿ. ತುದಿ ನೆಲಕ್ಕೆ ತಾಗಬಾರದು. ಕೈ ಹೆಗಲ ಹಿಂದೆ ತಂದು ಇಳಿಬಿಟ್ಟಾಗ ಸೊಂಟಕ್ಕೆ ಬಡಿಯಬಾರದು. ಹೊಸಬರ ಹಗುರ ಜೋಡಿಗೆ ಒಂದೂವರೆಯಿಂದ ಎರಡು ಅಡಿ ಸಾಕು. ಗದೆಯ ವಿಷಯದಲ್ಲಿ ಐದಡಿಯವರಿಗೂ ಆರಡಿಯವರಿಗೂ ಒಂದೇ ಕೋಲು ಹೊಂದುವುದಿಲ್ಲ. ಗಿಡ್ಡ ಇರುವವರು ಮೂರಡಿಯಿಂದ ಶುರು ಮಾಡಲಿ.

3. ಸಮತೋಲ. ಜೋಡಿಯನ್ನು ಅಡ್ಡಲಾಗಿ ಒಂದು ಬೆರಳ ಮೇಲೆ ನಿಲ್ಲಿಸಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಚಾಕ್‌ನಿಂದ ಗುರುತು ಹಾಕಿ. ಹಿಡಿಯ ನಡುವಿನಿಂದ ಆ ಗುರುತಿಗೆ ಎಷ್ಟು ಸೆಂ.ಮೀ. ಅಂತ ಅಳೆದು ತೂಕದಿಂದ ಗುಣಿಸಿ. ತಲಾ 2 ಕೆ.ಜಿ.ಯ ಎರಡು ಜೋಡಿ ಇವೆ ಅನ್ನಿ. ಒಂದರ ಗುರುತು 25 ಸೆಂ.ಮೀ.ಗೆ, ಇನ್ನೊಂದರದು 35ಕ್ಕೆ. ಮೊದಲನೆಯದಕ್ಕೆ 50, ಎರಡನೆಯದಕ್ಕೆ 70. ಅಂಗಡಿಯ ಚೀಟಿಯಲ್ಲಿ ಎರಡೂ ‘2 ಕೆ.ಜಿ.’, ಕೈಗೆ ಎರಡನೆಯದು ನೂರಕ್ಕೆ ನಲವತ್ತು ಹೆಚ್ಚು ಭಾರ.

4. ತೂಕ. ಈಗ ಕೆ.ಜಿ. ಕೇಳಬಹುದು! ಹವ್ಯಾಸಿಗೆ ಹಗುರ ಜೋಡಿ ತಲಾ ಅರ್ಧದಿಂದ ಒಂದು ಕೆ.ಜಿ. ಎರಡು ಕೈಯ ಮುದ್ಗರ ಅಥವಾ ಗದೆ ಹೆಂಗಸರಿಗೆ 3, ಗಂಡಸರಿಗೆ 4ರ ಸುತ್ತ. ಇದು ಕಲ್ಲಿನಲ್ಲಿ ಕೊರೆದ ನಿಯಮವೇನಲ್ಲ, ಶುರು ಮಾಡುವ ಜಾಗ. ಪರೀಕ್ಷೆ ಸುಲಭ. ಮೊಣಕೈ ಮಡಿಸಿ ಜೋಡಿಯನ್ನು ಮುಖದ ಮುಂದೆ ನೆಟ್ಟಗೆ ನಿಲ್ಲಿಸಿ, ಹದಿನೈದರವರೆಗೆ ಎಣಿಸಿ. ಮಣಿಕಟ್ಟು ವಾಲಿದರೆ ಅದು ನಿಮಗೆ ಹೆಚ್ಚು. ಆಮೇಲೆ ಎರಡೂ ಕಡೆ ಹತ್ತು ಹತ್ತು ಸಲ ನಿಧಾನವಾಗಿ ತಿರುಗಿಸಿ. ಸೊಂಟ ಹಿಂದಕ್ಕೆ ಬಾಗಿದರೆ, ಉಸಿರು ಕಟ್ಟಿದರೆ, ಕೊನೆಯ ಸುತ್ತು ಮೊದಲ ಸುತ್ತಿನಂತೆ ಇಲ್ಲದಿದ್ದರೆ ಒಂದು ಅಳತೆ ಕೆಳಗೆ ಇಳಿಯಿರಿ.

5. ಜೋಡಣೆ. ಜೋಡಿಯಾದರೆ ಎರಡನ್ನೂ ಬೇರೆ ಬೇರೆ ತೂಗಿ. 50 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬೇಡ. ಗದೆಯಾದರೆ ಗುಂಡು ಕೋಲಿಗೆ ಹೇಗೆ ಕೂತಿದೆ ನೋಡಿ. ಬಿದಿರು ಸೀಳಿದೆಯೇ? ಬೆಣೆ ಸಡಿಲವಾಗಿದೆಯೇ? ಪೈಪಿಗೆ ಸಿಮೆಂಟ್ ಉಂಡೆ ಹಾಕಿ ಮನೆಯಲ್ಲೇ ಗದೆ ಮಾಡುವವರಿದ್ದಾರೆ. ಉಂಡೆಯ ಒಳಗೆ ಪೈಪಿಗೆ ಅಡ್ಡಲಾಗಿ ಬೋಲ್ಟ್ ಇಲ್ಲದಿದ್ದರೆ ಒಂದು ದಿನ ಉಂಡೆ ಕಳಚಿ ಹಾರುತ್ತದೆ. ಉಕ್ಕಿನದಾದರೆ ಬೆಸುಗೆಯ ಜಾಗ ನೋಡಿ.

ಮರದ ಮಾತೂ ಹೇಳಿಬಿಡುತ್ತೇನೆ. ಒಂದೇ ಅಚ್ಚಿನ ದಿಮ್ಮಿ ತೇಗದಲ್ಲಿ 1 ಕೆ.ಜಿ. ತೂಗಿದರೆ ಬೀಟೆಯಲ್ಲಿ ಸುಮಾರು ಒಂದೂಕಾಲು ಕೆ.ಜಿ. ಆಗುತ್ತದೆ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ಮೆತ್ತನೆಯದು, ಹಗುರ. ಅರ್ಧ ಕೆ.ಜಿ.ಯ ಜೋಡಿಗೆ ಅಂಥದ್ದು ಸಾಕು, ದೊಡ್ಡದಕ್ಕೆ ಗಟ್ಟಿ ಮರವೇ ಬೇಕು. ಕಡೆಸುವವರಿಗೆ ‘ಹೊಟ್ಟೆ ಇಷ್ಟು ದಪ್ಪ’ ಅಂತ ಕೈಯಲ್ಲಿ ತೋರಿಸಬೇಡಿ, ಕಾಗದದ ಮೇಲೆ ಅಳತೆ ಬರೆದು ಕೊಡಿ.

ಖರ್ಚಿಲ್ಲದೆ ತೂಕ ಕಂಡುಕೊಳ್ಳುವ ಉಪಾಯ

ದುಡ್ಡು ಕೊಡುವ ಮುಂಚೆ ಮನೆಯಲ್ಲಿರುವ ಎರಡು ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಒಣ ಮರಳು ಹಾಕಿ ತೂಗಿ, ಅರ್ಧ ಕೆ.ಜಿ.ಗೆ ನಿಲ್ಲಿಸಿ. ಬಿರಡೆ ಬಿಗಿ ಮಾಡಿ ಟೇಪ್ ಸುತ್ತಿ. ಕುತ್ತಿಗೆಯನ್ನು ಹಿಡಿದು ವಾರವಿಡೀ ತಿರುಗಿಸಿ. ಸುಲಭವಾದರೆ 100 ಗ್ರಾಂ ಸೇರಿಸಿ. ಎಲ್ಲಿ ಸುತ್ತು ಕೆಡುತ್ತದೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ನಿಮ್ಮ ತೂಕ. ಬಾಟಲಿ ಗಿಡ್ಡ, ಮರದ ಜೋಡಿ ಉದ್ದ. ಆದ್ದರಿಂದ ಕೊಳ್ಳುವಾಗ ಬಾಟಲಿಯ ತೂಕಕ್ಕಿಂತ ಹೆಚ್ಚಿನದನ್ನು ಕೊಳ್ಳಲೇಬೇಡಿ.

ಕೊಂಡ ಮೇಲೆ ಹೊಂದಿಸುವುದು

ತಂದದ್ದು ಭಾರವಾಯಿತೇ? ಅಥವಾ ಊರಿನ ಹಳೇ ಮನೆಯ ಅಟ್ಟದಲ್ಲಿ ಅಜ್ಜನ ಜೋಡಿ ಸಿಕ್ಕಿದೆಯೇ? ಮಾರುವ ಮುಂಚೆ ಇವನ್ನು ಮಾಡಿ ನೋಡಿ.

ಮೊದಲ ಉಪಾಯ ಕೈ ಸರಿಸುವುದು. ಮೀಟರ್ ಉದ್ದದ ಗದೆಯಲ್ಲಿ 15 ಸೆಂ.ಮೀ. ಮೇಲೆ ಹಿಡಿದರೆ ತಿರುಗಿಸುವ ಕಷ್ಟ ಮುಕ್ಕಾಲಿಗಿಂತಲೂ ಕಡಿಮೆಯಾಗುತ್ತದೆ. ಹಿಡಿಯುವ ಜಾಗಕ್ಕೆ ಬಣ್ಣದ ಟೇಪ್ ಗುರುತು ಹಾಕಿ. ತಿಂಗಳಿಗೆ ಎರಡು ಬೆರಳಷ್ಟು ಕೆಳಗೆ ಸರಿಸುತ್ತಾ ಬನ್ನಿ. ಒಂದೇ ಗದೆ ವರ್ಷವಿಡೀ ನಿಮ್ಮ ಜೊತೆ ಬೆಳೆಯುತ್ತದೆ.

ಎರಡನೆಯದು ಹಿಡಿ. ಸಣ್ಣ ಹಿಡಿಗೆ ಹತ್ತಿ ಬಟ್ಟೆಯ ಪಟ್ಟಿ ಅಥವಾ ಬ್ಯಾಡ್ಮಿಂಟನ್ ರ‍್ಯಾಕೆಟ್‌ನ ಗ್ರಿಪ್ ಸುತ್ತಿ. ದಪ್ಪ ಹಿಡಿಯಾದರೆ ಮರಳು ಕಾಗದದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ದಿನಾ ಹಿಡಿದು ನೋಡಿ. ಹಿಡಿಗೆ ಹೊಳೆಯುವ ವಾರ್ನಿಷ್ ಮಾತ್ರ ಬೇಡ, ಬೆವರಿಗೆ ಜಾರುತ್ತದೆ.

ಮೂರನೆಯದು ಮರ ಇಳಿಸುವುದು. ಇದಕ್ಕೆ ಬಡಗಿಯ ಅಥವಾ ಲೇತ್‌ನವರ ಸಹಾಯ ಬೇಕು. ಹೊಟ್ಟೆಯ ಕಡೆ ಇಳಿಸಿದರೆ ಸ್ವಲ್ಪ ಮರ ಹೋದರೂ ಕೈಗೆ ಬಹಳ ಹಗುರ ಅನ್ನಿಸುತ್ತದೆ. ಹಿಡಿಯ ಹತ್ತಿರ ಇಳಿಸಿದರೆ ಭಾರ ಕಡಿಮೆ ಅನ್ನಿಸುವುದೂ ಇಲ್ಲ, ಜೋಡಿ ಅಲ್ಲೇ ಮುರಿಯುವ ಅಪಾಯ. ಎರಡನ್ನೂ ಒಟ್ಟಿಗೆ ಇಳಿಸುತ್ತಾ ನಡುನಡುವೆ ತೂಗಬೇಕು. ತೆಗೆದ ಮರ ಮತ್ತೆ ಬಾರದು.

ಭಾರ ಹೆಚ್ಚಿಸಬೇಕಾದರೆ? ತೂತು ಕೊರೆದು ಸೀಸ ಸುರಿಯುವ ಸಾಹಸ ಬೇಡ. ಮೊದಲು ಸುತ್ತಿನ ಸಂಖ್ಯೆ ಹೆಚ್ಚಿಸಿ, ಆಮೇಲೆ ನಿಧಾನ ಮಾಡಿ. ನಿಧಾನಕ್ಕೆ ತಿರುಗಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಆಮೇಲೆ ಹಿಡಿಯುವ ಜಾಗ ಕೆಳಗಿಳಿಸಿ. ಎಲ್ಲ ಮುಗಿದ ಮೇಲೆ ಹೊಸ ಜೋಡಿ. ಒಳಗೆ ಮರಳು ತುಂಬುವ ಉಕ್ಕಿನ ಗದೆಯಾದರೆ ಒಂದು ಎಚ್ಚರಿಕೆ: ಅರ್ಧ ತುಂಬಿದ ಮರಳು ಒಳಗೆ ಹೊರಳಿ ಸುತ್ತು ಕೆಡಿಸುತ್ತದೆ, ಹೊಸಬರಿಗೆ ಅದು ಒಳ್ಳೆಯದಲ್ಲ.

ಫ್ಲಾಟ್‌ನಲ್ಲಿ ಇರುವವರಿಗೆ

ಮೆಟ್ರೋ ನಗರದ ನಮ್ಮ ಮನೆಗಳಲ್ಲಿ ಗದೆಯ ಮೊದಲ ಎದುರಾಳಿ ಸೀಲಿಂಗ್ ಫ್ಯಾನ್! ಗದೆ ತಲೆಯ ಮೇಲೆ ಹಾದುಹೋಗಲು ಮೂರರಿಂದ ನಾಲ್ಕು ಅಡಿ ಜಾಗ ಬೇಕು. ಐದೂವರೆ ಅಡಿಯ ಮನುಷ್ಯನಿಗೆ ಒಂಬತ್ತು ಅಡಿ ಆಯಿತು. ಆದ್ದರಿಂದ ಗದೆ ತಾರಸಿಗೆ ಅಥವಾ ಪಾರ್ಕಿಗೆ. ಕೋಣೆಯೊಳಗೆ ಹಗುರ ಜೋಡಿ ಮಾತ್ರ, ಅದೂ ಫ್ಯಾನ್ ಕೆಳಗೆ ನಿಲ್ಲದೆ. ಸುತ್ತ ಮಕ್ಕಳು ಇರಬಾರದು. ಬೆವರು ಒರೆಸಿಕೊಳ್ಳಲು ಒಂದು ಟವೆಲ್ ಪಕ್ಕದಲ್ಲಿರಲಿ.

ಭುಜ ಆಗಲೇ ಎತ್ತಲಾಗದಷ್ಟು ಹಿಡಿದುಕೊಂಡಿದ್ದರೆ, ಕುತ್ತಿಗೆಯ ಡಿಸ್ಕ್ ತೊಂದರೆ ಅಥವಾ ಹತೋಟಿಗೆ ಬಾರದ ಬಿ.ಪಿ. ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಸ್ನಾಯು ದಣಿದ ನೋವು ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಕೈಗೆ ಜೋಮು ಬಂದರೆ ಅಂದೇ ನಿಲ್ಲಿಸಿ.

ಕನ್ನಡ ಸಾಹಿತ್ಯ ಓದಿದವರಿಗೆ ‘ಶಾಂತಲಾ’, ‘ರೂಪದರ್ಶಿ’ ಬರೆದ ಕೆ.ವಿ. ಅಯ್ಯರ್ ಗೊತ್ತು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ, ಅಂಗಸಾಧನೆಯ ಪುಸ್ತಕಗಳನ್ನು ಬರೆದವರೂ ಅವರೇ. ಲೇಖನಿ ಹಿಡಿದ ಕೈಗೆ ವ್ಯಾಯಾಮ ದೂರವಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ಕೀಬೋರ್ಡ್ ಹಿಡಿದ ಕೈಗೂ ಇದೇ ಮಾತು.

ಇಷ್ಟು ಓದಿ “ಹಾಗಾದರೆ ನನಗೆ ಎಷ್ಟು ಕೆ.ಜಿ. ಮೇಡಂ?” ಅಂತ ಮತ್ತೆ ಕೇಳುವವರಿಗೆ ನನ್ನ ಉತ್ತರ: ಎರಡು ಬಾಟಲಿ, ಒಂದಿಷ್ಟು ಮರಳು, ಒಂದು ವಾರ. ಆಮೇಲೆ ನಿಮ್ಮ ಕೈಯೇ ಹೇಳುತ್ತದೆ. ಅದು ಏನು ಹೇಳಿತು ಅಂತ ನಮಗೂ ಬರೆದು ತಿಳಿಸಿ. ನಿಮ್ಮೂರ ಗರಡಿಯಲ್ಲಿ ಈ ಸಾಧನಗಳಿಗೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ, ಕಾರ್ಯಕ್ರಮದಲ್ಲಿ ಓದೋಣ.